ಹನ್ನೊಂದು ಹೆಣ, ಏಳು ಹೆಸರು

1918ರ ಜುಲೈ 16 ಕಳೆದು 17 ಹುಟ್ಟಿದ ರಾತ್ರಿ. ರಷ್ಯಾದ ಯುರಾಲ್ ಸೀಮೆಯ ಯೆಕತೆರಿನ್‌ಬರ್ಗ್ ಪಟ್ಟಣದಲ್ಲಿ ಇಪಾತ್ಯೆವ್ ಎಂಬ ಎಂಜಿನಿಯರನಿಗೆ ಸೇರಿದ್ದ ಮನೆಯಲ್ಲಿ ಹನ್ನೊಂದು ಮಂದಿಯನ್ನು ನಿದ್ದೆಯಿಂದ ಎಬ್ಬಿಸಿ ಕೆಳಗಿನ ಕೋಣೆಗೆ ಇಳಿಸಲಾಯಿತು. ಊರಿನಲ್ಲಿ ಗುಂಡು ಹಾರಬಹುದು, ಮೇಲಿನ ಅಂತಸ್ತಿನಲ್ಲಿರುವುದು ಅಪಾಯ ಎಂದು ಅವರಿಗೆ ಹೇಳಲಾಗಿತ್ತು. ಪದಚ್ಯುತ ಝಾರ್ ದೊರೆ ಎರಡನೆಯ ನಿಕೊಲಾಸ್ ಕಾಯಿಲೆಯ ಮಗನನ್ನು ಎತ್ತಿಕೊಂಡು ಇಳಿದ. ಕೋಣೆಯಲ್ಲಿ ಕುರ್ಚಿ ಇಲ್ಲವೇ ಎಂದು ರಾಣಿ ಅಲೆಕ್ಸಾಂಡ್ರಾ ಕೇಳಿದಾಗ ಎರಡು ಕುರ್ಚಿ ತರಿಸಿದರು. ಕಾವಲಿನ ಮುಖ್ಯಸ್ಥ ಯಾಕೊವ್ ಯುರೋವ್ಸ್ಕಿ ಕಾಗದವೊಂದನ್ನು ಓದಿದ. ಆಮೇಲೆ ಗುಂಡು, ಗುಂಡು ಸಾಲದಾದಾಗ ಬಂದೂಕಿನ ಈಟಿ. 1613ರಲ್ಲಿ ಸಿಂಹಾಸನ ಏರಿದ ರೊಮಾನೋವ್ ವಂಶ 1917ರಲ್ಲಿ ಅಧಿಕಾರ ಬಿಟ್ಟುಕೊಟ್ಟಿತ್ತು. ಅದರ ಕೊನೆಯ ದೊರೆಯ ಸಂಸಾರ ಆ ರಾತ್ರಿ ನಿರ್ನಾಮವಾಯಿತು.

ಈ ರಾತ್ರಿಯ ಸುತ್ತ ಬಂದ ಪುಸ್ತಕ, ನಾಟಕ, ಸಿನಿಮಾಗಳು ಒಂದೆರಡಲ್ಲ. ಅವುಗಳಲ್ಲಿ ಹೆಚ್ಚಿನವು ನೆನಪಿನಲ್ಲಿ ಉಳಿಸುವುದು ಏಳು ಜನರನ್ನು ಮಾತ್ರ. ದೊರೆ, ರಾಣಿ, ನಾಲ್ವರು ಹೆಣ್ಣುಮಕ್ಕಳಾದ ಓಲ್ಗಾ, ತಾತ್ಯಾನಾ, ಮರಿಯಾ, ಅನಸ್ತಾಸ್ಯಾ, ಮತ್ತು ಹದಿಮೂರು ವರ್ಷದ ಮಗ ಅಲೆಕ್ಸಿ. ಉಳಿದ ನಾಲ್ವರು ಯಾರು? ವೈದ್ಯ ಯೆವ್ಗೆನಿ ಬೊಟ್ಕಿನ್, ರಾಣಿಯ ದಾಸಿ ಅನ್ನಾ ದೆಮಿದೋವಾ, ಅಡುಗೆಯ ಇವಾನ್ ಖರಿತೋನೋವ್, ಪರಿಚಾರಕ ಅಲೆಕ್ಸಿ ತ್ರುಪ್. ಇವರ ರಕ್ತವೂ ಅದೇ ನೆಲದ ಮೇಲೆ ಹರಿಯಿತು. ಕಥೆ ಬರೆಯುವ ನಮ್ಮಂಥವರಿಗೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಒಂದೇ ಕೋಣೆಯಲ್ಲಿ, ಒಂದೇ ಗಳಿಗೆಯಲ್ಲಿ ಸತ್ತವರಲ್ಲಿ ಕೆಲವರ ಸಾವು ಕಥೆಯಾಗಿ, ಕೆಲವರ ಸಾವು ಬರೀ ಲೆಕ್ಕವಾಗುವುದು ಹೇಗೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಕೆಲವು ಕಥನಗಳನ್ನು ನೋಡುವುದು ಈ ಬರಹದ ಉದ್ದೇಶ.

ಈ ದುರಂತದ ಮೊದಲ ಕಥನ ಬರೆದವನು ಕಾದಂಬರಿಕಾರನಲ್ಲ, ಸರ್ಕಾರ. ಕೊಲೆ ನಡೆದ ಎರಡು ಮೂರು ದಿನಗಳಲ್ಲೇ ಸೋವಿಯತ್ ಪ್ರಕಟಣೆ ಹೊರಬಿತ್ತು. ಮಾಜಿ ದೊರೆಯನ್ನು ಗುಂಡಿಕ್ಕಿ ಕೊಲ್ಲಲಾಗಿದೆ, ಹೆಂಡತಿ ಮತ್ತು ಮಗನನ್ನು ಸುರಕ್ಷಿತ ಸ್ಥಳಕ್ಕೆ ಕಳಿಸಲಾಗಿದೆ ಎಂದು ಅದು ಹೇಳಿತು. ದೊರೆಯನ್ನು ಕೊಂದದ್ದನ್ನು ಎದೆ ತಟ್ಟಿ ಹೇಳಿಕೊಂಡ ಕ್ರಾಂತಿಗೆ ಮಕ್ಕಳನ್ನು ಕೊಂದೆವೆಂದು ಹೇಳಲು ಬಾಯಿ ಬರಲಿಲ್ಲ. ತಾನು ಮಾಡಿದ್ದು ನ್ಯಾಯವೇ ಆಗಿದ್ದರೆ ಮುಚ್ಚಿಡುವ ಅಗತ್ಯವೇನಿತ್ತು? ಹೆಣಗಳನ್ನು ಕಾಡಿಗೆ ಒಯ್ದು, ಆಮ್ಲ ಸುರಿದು, ಬೆಂಕಿ ಇಟ್ಟು, ಹೂತು, ಗುರುತು ಸಿಗದಂತೆ ಮಾಡುವ ಪಾಡು ಏಕೆ ಬೇಕಿತ್ತು? ಈ ಒಂದು ಸುಳ್ಳೇ ಮುಂದಿನ ಎಂಟು ದಶಕಗಳ ಕಟ್ಟುಕಥೆಗಳಿಗೆ ಬೀಜವಾಯಿತು. ಹೆಣ ಸಿಗದ ಕಡೆ ವದಂತಿ ಹುಟ್ಟುತ್ತದೆ, ವದಂತಿಯ ಬೆನ್ನಿಗೆ ಸಿನಿಮಾ ಬರುತ್ತದೆ.

ಕೋಲ್ಚಾಕನ ಬಿಳಿ ಸೈನ್ಯದ ಪರವಾಗಿ 1919ರಲ್ಲಿ ತನಿಖೆ ನಡೆಸಿದ ನಿಕೊಲಾಯ್ ಸೊಕೊಲೋವ್ ಎಲ್ಲರೂ ಸತ್ತಿದ್ದಾರೆ ಎಂಬ ತೀರ್ಮಾನಕ್ಕೆ ಬಂದಿದ್ದ. ಅವನ ಪುಸ್ತಕ 1924ರಲ್ಲಿ ಫ್ರೆಂಚಿನಲ್ಲಿ ಪ್ರಕಟವಾಯಿತು. ಆದರೆ ಜಗತ್ತಿಗೆ ಬೇಕಾದದ್ದು ತನಿಖೆಯಲ್ಲ, ಪವಾಡ. 1920ರಲ್ಲಿ ಬರ್ಲಿನಿನ ಕಾಲುವೆಯೊಂದರಿಂದ ಪೊಲೀಸರು ಎತ್ತಿದ ಹೆಂಗಸೊಬ್ಬಳು ತನ್ನ ಹೆಸರು ಹೇಳಲಿಲ್ಲ. ಹುಚ್ಚಾಸ್ಪತ್ರೆಗೆ ಸೇರಿದ ಅವಳೇ ಕಿರಿಯ ರಾಜಕುಮಾರಿ ಅನಸ್ತಾಸ್ಯಾ ಎಂಬ ಮಾತು ಕ್ರಮೇಣ ಹಬ್ಬಿತು. ಮುಂದೆ ಅನ್ನಾ ಆಂಡರ್ಸನ್ ಎಂದು ಹೆಸರಾದ ಆಕೆಯ ಮೊಕದ್ದಮೆ ಜರ್ಮನಿಯ ನ್ಯಾಯಾಲಯಗಳಲ್ಲಿ 1938ರಿಂದ 1970ರವರೆಗೆ ಎಳೆಯಿತು. ಆಕೆ 1984ರಲ್ಲಿ ಅಮೆರಿಕದಲ್ಲಿ ತೀರಿಕೊಂಡಳು. ಹತ್ತು ವರ್ಷಗಳ ನಂತರ ಡಿಎನ್‌ಎ ಪರೀಕ್ಷೆ ಆಕೆಗೂ ರೊಮಾನೋವ್ ಸಂಸಾರಕ್ಕೂ ನಂಟಿಲ್ಲ ಎಂದು ತೋರಿಸಿತು. ಪೋಲೆಂಡಿನ ಕಾರ್ಮಿಕ ಹೆಂಗಸು ಫ್ರಾನ್ಸಿಸ್ಕಾ ಶಾನ್ಸ್‌ಕೊವ್ಸ್ಕಾಳ ಕುಟುಂಬದ ರಕ್ತಕ್ಕೆ ಅದು ಹೊಂದಿಕೆಯಾಯಿತು.

ಆಕೆಯ ಕಥೆ ಹಾಲಿವುಡ್ಡಿಗೆ ಹೋದದ್ದು 1956ರಲ್ಲಿ. ಅನತೋಲ್ ಲಿತ್ವಾಕ್ ನಿರ್ದೇಶಿಸಿದ 'ಅನಸ್ತಾಸ್ಯಾ' ಚಿತ್ರದ ನಟನೆಗೆ ಇಂಗ್ರಿಡ್ ಬರ್ಗ್‌ಮನ್‌ಗೆ ಆಸ್ಕರ್ ಬಂತು. ಆಕೆಯ ಅಭಿನಯ ನಿಜಕ್ಕೂ ದೊಡ್ಡದು. ತಾನು ಯಾರೆಂದು ತನಗೇ ತಿಳಿಯದ ಹೆಂಗಸಿನ ದಿಗಿಲು ಆ ಕಣ್ಣುಗಳಲ್ಲಿದೆ. ಆದರೆ ಚಿತ್ರದ ಹೃದಯ ಇರುವುದು ಮುದಿ ರಾಜಮಾತೆ ಈಕೆಯನ್ನು ಮೊಮ್ಮಗಳೆಂದು ಒಪ್ಪಿ ತಬ್ಬಿಕೊಳ್ಳುವ ದೃಶ್ಯದಲ್ಲಿ. ನಿಜಜೀವನದ ರಾಜಮಾತೆ ಈ ಹೆಂಗಸನ್ನು ಒಮ್ಮೆಯೂ ಭೇಟಿಯಾಗಲಿಲ್ಲ. 1997ರ ಕಾರ್ಟೂನ್ ಚಿತ್ರ ಇನ್ನೂ ಮುಂದೆ ಹೋಯಿತು. ಅದರಲ್ಲಿ ಕ್ರಾಂತಿ ಆಗುವುದು ಹಸಿವಿನಿಂದಲ್ಲ, ಯುದ್ಧದಿಂದಲ್ಲ. ರಾಸ್ಪುಟಿನ್ ಎಂಬ ಮಾಂತ್ರಿಕನ ಶಾಪದಿಂದ! ರಾಸ್ಪುಟಿನ್ ಸತ್ತದ್ದು 1916ರ ಡಿಸೆಂಬರಿನಲ್ಲಿ, ಕ್ರಾಂತಿಗೆ ಮೊದಲೇ. ಕೊಂದವರು ದೊರೆಯ ಬಂಧುಗಳೂ ಕುಲೀನರೂ. ಮಕ್ಕಳ ಚಿತ್ರಕ್ಕೆ ಇತಿಹಾಸದ ಪಾಠ ಬೇಡವೆನ್ನಬಹುದು. ಆದರೆ ಬ್ರೆಡ್ಡಿಗಾಗಿ ಬೀದಿಗೆ ಇಳಿದ ಪೆತ್ರೊಗ್ರಾದಿನ ಹೆಂಗಸರನ್ನು ಮಂತ್ರವಾದಿಯ ಬೊಂಬೆಗಳನ್ನಾಗಿ ಮಾಡಿದ್ದು ಮುಗ್ಧತೆಯಲ್ಲ.

ಈ ಕಥೆಗಳು ಬಿಟ್ಟ ದೊಡ್ಡ ಕಥೆಯೊಂದಿದೆ. ಫ್ರಾನ್ಸಿಸ್ಕಾ ಮೊದಲ ಮಹಾಯುದ್ಧದ ಕಾಲದಲ್ಲಿ ಬರ್ಲಿನಿನ ಮದ್ದುಗುಂಡು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. 1916ರಲ್ಲಿ ಅವಳ ಕೈಯಿಂದ ಜಾರಿದ ಕೈಬಾಂಬ್ ಸಿಡಿದು ಮೇಸ್ತ್ರಿ ಸತ್ತ, ಇವಳಿಗೂ ಗಾಯವಾಯಿತು. ಅಲ್ಲಿಂದ ಅವಳ ಮನಸ್ಸು ನೆಟ್ಟಗಾಗಲಿಲ್ಲ. ಮೈಮೇಲಿದ್ದ ಗಾಯದ ಗುರುತುಗಳನ್ನು ಜನ ರಾಜಮನೆತನದ ಕೊಲೆಯ ಸಾಕ್ಷಿಯೆಂದು ಓದಿದರು. ಆಕೆ ಫ್ರಾನ್ಸಿಸ್ಕಾ ಎಂದು 1927ರಲ್ಲೇ ಬರ್ಲಿನಿನ ಪತ್ರಿಕೆಯೊಂದು ಬರೆದಿತ್ತು, ನಂಬುವವರು ನಂಬಲಿಲ್ಲ. ಬಾಂಬು ತಯಾರಿಸುತ್ತಾ ಬುದ್ಧಿ ಕಳೆದುಕೊಂಡ ಕೂಲಿ ಹೆಂಗಸಿನ ದುಃಖಕ್ಕೆ ಮಾರುಕಟ್ಟೆ ಇರಲಿಲ್ಲ. ಅದೇ ದುಃಖ ರಾಜಕುಮಾರಿಯ ವೇಷ ತೊಟ್ಟು ಬಂದಾಗ ಅರಮನೆಯವರು, ವಕೀಲರು, ಪತ್ರಕರ್ತರು, ನಿರ್ಮಾಪಕರು ಸಾಲುಗಟ್ಟಿದರು. ಅವಳು ಜಗತ್ತನ್ನು ವಂಚಿಸಿದಳು ಎನ್ನುತ್ತಾರೆ. ತನ್ನ ನೋವನ್ನು ಯಾರಾದರೂ ಕೇಳಬೇಕಾದರೆ ಏನಾಗಬೇಕು ಎಂಬುದನ್ನು ಜಗತ್ತೇ ಅವಳಿಗೆ ಕಲಿಸಿತು ಎಂದು ನಮಗೆ ಅನ್ನಿಸುತ್ತದೆ.

ಉರ್ದು ಓದಿದವರಿಗೆ ಇಲ್ಲಿ ಖ್ವಾಜಾ ಹಸನ್ ನಿಜಾಮಿಯವರ 'ಬೇಗಮಾತ್ ಕೆ ಆಂಸೂ' ನೆನಪಾಗದೆ ಇರದು. 1857ರ ಸೆಪ್ಟೆಂಬರ್ 22ರಂದು ದೆಹಲಿಯ ಹೆಬ್ಬಾಗಿಲೊಂದರ ಬಳಿ ಹಾಡ್ಸನ್ ಎಂಬ ಬ್ರಿಟಿಷ್ ಅಧಿಕಾರಿ ಬಹದ್ದೂರ್ ಷಾ ಜಫರನ ಇಬ್ಬರು ಮಕ್ಕಳನ್ನೂ ಒಬ್ಬ ಮೊಮ್ಮಗನನ್ನೂ ವಿಚಾರಣೆಯಿಲ್ಲದೆ ಗುಂಡಿಕ್ಕಿದ. ಅಲ್ಲಿ ಕೊಂದವರು ದಂಗೆ ಎದ್ದವರಲ್ಲ, ದಂಗೆಯನ್ನು ಮೆಟ್ಟಿದವರು; ಈ ವ್ಯತ್ಯಾಸ ಮರೆಯಬಾರದು. ಆದರೆ ವಂಶವೊಂದು ನೆಲಕಚ್ಚಿದ ಮೇಲೆ ಉಳಿದವರ ಕಥೆ ಹೇಳುವುದು ಹೇಗೆ ಎಂಬ ಪ್ರಶ್ನೆ ಎರಡೂ ಕಡೆ ಒಂದೇ. ನಿಜಾಮಿಯವರ ಕಥೆಗಳಲ್ಲಿ ಬದುಕುಳಿದ ಮೊಘಲ್ ರಾಜಕುಮಾರರು ಕೂಲಿ ಮಾಡುತ್ತಾರೆ, ಬೀದಿಯಲ್ಲಿ ಭಿಕ್ಷೆಗೆ ಕೈ ಚಾಚುತ್ತಾರೆ. ಅವುಗಳಲ್ಲಿ ಎಷ್ಟು ನಿಜ, ಎಷ್ಟು ಕಲ್ಪನೆ ಎಂಬ ಚರ್ಚೆ ಬೇರೆ. ಹಳೆಯ ದೆಹಲಿಯ ಬಗ್ಗೆ ಅತಿಯಾದ ಹಂಬಲವೂ ಅವುಗಳಲ್ಲಿದೆ. ಆದರೂ ಅಲ್ಲಿ ಅರಮನೆ ಬೀದಿಗೆ ಇಳಿದು ಬೀದಿಯ ಬದುಕು ಏನೆಂದು ಅರಿಯುತ್ತದೆ. ಅನಸ್ತಾಸ್ಯಾ ಕಥೆಗಳಲ್ಲಿ ಬೀದಿಯವಳು ಅರಮನೆಯವಳೆಂದು ಸಾಬೀತಾದ ಮೇಲೆಯೇ ಮನುಷ್ಯಳಾಗುತ್ತಾಳೆ.

ಕಟ್ಟುಕಥೆಗಳ ಮಾತು ಹಾಗಿರಲಿ. ಗಂಭೀರವಾಗಿ ಬರೆದವರಲ್ಲಿ ಹೆಚ್ಚು ಜನಪ್ರಿಯನಾದವನು ಅಮೆರಿಕದ ರಾಬರ್ಟ್ ಮ್ಯಾಸಿ. ಅವನ 'ನಿಕೊಲಾಸ್ ಅಂಡ್ ಅಲೆಕ್ಸಾಂಡ್ರಾ' 1967ರಲ್ಲಿ ಪ್ರಕಟವಾಯಿತು. 1971ರಲ್ಲಿ ಸಿನಿಮಾ ಆಯಿತು. ಮ್ಯಾಸಿಯ ಮಗನಿಗೆ ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆ ಇತ್ತು. ಯುವರಾಜ ಅಲೆಕ್ಸಿಗೂ ಅದೇ ಕಾಯಿಲೆ. ಒಬ್ಬ ತಂದೆಯ ಸಂಕಟದಿಂದ ಹುಟ್ಟಿದ ಪುಸ್ತಕವಾದ್ದರಿಂದ ರಾತ್ರಿಯಿಡೀ ನರಳುವ ಮಗುವಿನ ಪಕ್ಕ ಕೂತ ತಾಯಿಯನ್ನು ಅದು ಕಾಣಿಸುವ ಬಗೆಯಲ್ಲಿ ಸತ್ಯವಿದೆ. ಮಗನ ಕಾಯಿಲೆಯಿಂದ ರಾಸ್ಪುಟಿನ್, ರಾಸ್ಪುಟಿನ್ನನಿಂದ ಆಡಳಿತದ ಕೇಡು, ಅದರಿಂದ ಕ್ರಾಂತಿ ಎಂಬುದು ಅವನು ಹೆಣೆಯುವ ಸರಪಳಿ. ಓದುತ್ತಾ ಹೋದಂತೆ ಸಾಮ್ರಾಜ್ಯವೆಂದರೆ ಒಂದು ಸಂಸಾರ, ಚರಿತ್ರೆಯೆಂದರೆ ಆ ಸಂಸಾರದ ಕಷ್ಟ ಎನಿಸತೊಡಗುತ್ತದೆ.

ಆ ಸಂಸಾರದ ಹೊರಗೆ ಏನಾಗುತ್ತಿತ್ತು? 1896ರಲ್ಲಿ ಪಟ್ಟಾಭಿಷೇಕದ ಉಡುಗೊರೆ ಪಡೆಯಲು ಮಾಸ್ಕೋದ ಖೋದಿಂಕಾ ಬಯಲಿನಲ್ಲಿ ನೆರೆದವರಲ್ಲಿ 1,300ಕ್ಕೂ ಹೆಚ್ಚು ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಅಂದು ರಾತ್ರಿ ದೊರೆ ಫ್ರೆಂಚ್ ರಾಯಭಾರಿಯ ನೃತ್ಯಕೂಟಕ್ಕೆ ಹೋದ. 1905ರ ಜನವರಿಯ ಭಾನುವಾರ, ದೊರೆಯ ಭಾವಚಿತ್ರ ಹಿಡಿದು ಮನವಿ ಕೊಡಲು ಹೊರಟ ಕಾರ್ಮಿಕರ ಮೇಲೆ ರಾಜಧಾನಿಯಲ್ಲಿ ಸೈನಿಕರು ಗುಂಡು ಹಾರಿಸಿದರು. ಅದೇ ವರ್ಷ ಯಹೂದಿಗಳ ಕೇರಿಗಳ ಮೇಲೆ ಸಾಲು ಸಾಲು ದಾಳಿಗಳು ನಡೆದವು.

ಮ್ಯಾಸಿಯ ಓದುಗರಿಗೆ ಕೇಳಿಸದ ಇನ್ನೊಂದು ಅಳಲಿದೆ. 1916ರ ಬೇಸಿಗೆಯಲ್ಲಿ ತುರ್ಕಿಸ್ತಾನ ಮತ್ತು ಹುಲ್ಲುಗಾವಲು ಸೀಮೆಯ ಮುಸ್ಲಿಮ್ ಗಂಡಸರನ್ನು ಯುದ್ಧರಂಗದ ಹಿಂದಿನ ದುಡಿಮೆಗೆ ಎಳೆದೊಯ್ಯುವ ಆಜ್ಞೆ ದೊರೆಯ ಹೆಸರಿನಲ್ಲಿ ಹೊರಟಿತು. ಅಲ್ಲಿನ ಕುರಿಗಾಹಿಗಳ ಹುಲ್ಲುಗಾವಲುಗಳನ್ನು ರಷ್ಯನ್ ವಲಸಿಗ ರೈತರಿಗೆ ಕೊಡುತ್ತಾ ಬಂದಿದ್ದರಿಂದ ಜನ ಮೊದಲೇ ಕುದಿಯುತ್ತಿದ್ದರು. ದಂಗೆ ಎದ್ದರು. ಸೈನ್ಯ ದಂಗೆಯನ್ನು ಮೆಟ್ಟಿದ ಬಗೆ ಎಷ್ಟು ಕ್ರೂರವಾಗಿತ್ತೆಂದರೆ ಕಿರ್ಗಿಜ್ ಮತ್ತು ಕಜಾಖ್ ಕುಟುಂಬಗಳು ಮಕ್ಕಳು ಮರಿ, ದನಕರು ಕಟ್ಟಿಕೊಂಡು ತಿಯಾನ್ ಶಾನ್ ಬೆಟ್ಟಗಳನ್ನು ದಾಟಿ ಚೀನಾಕ್ಕೆ ಓಡಿದವು. ಹಿಮದ ಕಣಿವೆಗಳಲ್ಲಿ ಸಾವಿರ ಸಾವಿರ ಜನ ಸತ್ತರು. ಕಿರ್ಗಿಜರು ಇಂದಿಗೂ ಅದನ್ನು 'ಉರ್ಕುನ್' ಎಂದು ಕರೆದು ನೆನೆಯುತ್ತಾರೆ. ಅವರಲ್ಲೂ ಹದಿಮೂರು ವರ್ಷದ ಹುಡುಗರಿದ್ದರು, ಹದಿನೇಳು ವರ್ಷದ ಹುಡುಗಿಯರಿದ್ದರು. ಅವರಲ್ಲೊಬ್ಬಳು ಬದುಕಿ ಬಂದಳೇ ಎಂದು ಹಾಲಿವುಡ್ ಹುಡುಕಿಕೊಂಡು ಹೋಗಲಿಲ್ಲ.

ಇದನ್ನು ಹೇಳುವುದು ನೆಲಮಾಳಿಗೆಯ ಕೊಲೆಗೆ ಸಮರ್ಥನೆ ಒದಗಿಸಲು ಅಲ್ಲ. ಅಪ್ಪನ ಆಜ್ಞೆಗೆ ಮಗ ಹೊಣೆಯಲ್ಲ. ಯೆಕತೆರಿನ್‌ಬರ್ಗಿನ ನಾಲ್ವರು ಹೆಣ್ಣುಮಕ್ಕಳು ಯಾರ ಮೇಲೂ ಗುಂಡು ಹಾರಿಸಲು ಹೇಳಿರಲಿಲ್ಲ. ಆದರೆ ಒಂದು ಶೋಕ ಇನ್ನೊಂದು ಶೋಕವನ್ನು ಮರೆಸುವಂತಿದ್ದರೆ ಅದರಲ್ಲಿ ಏನೋ ಕೊರತೆಯಿದೆ.

ಇನ್ನು ಕೊಂದವರ ಕಡೆಯ ಕಥನ. ಯುರೋವ್ಸ್ಕಿ 1920ರಲ್ಲಿ ಕೊಟ್ಟ ವರದಿಯನ್ನು ಸೋವಿಯತ್ ಸರ್ಕಾರ ದಶಕಗಳ ಕಾಲ ಬೀಗದಲ್ಲಿಟ್ಟಿತ್ತು. ನಾಟಕಕಾರ ಎಡ್ವರ್ಡ್ ರಾಡ್ಜಿನ್ಸ್ಕಿ ಅದನ್ನು 1989ರಲ್ಲಿ 'ಅಗನ್ಯೋಕ್' ಪತ್ರಿಕೆಯಲ್ಲಿ ಬೆಳಕಿಗೆ ತಂದರು. ಕಥೆಗಾರರು ಓದಲೇಬೇಕಾದ ಬರಹ ಅದು. ವಾಚು ರಿಪೇರಿ ಮಾಡಿದ್ದ, ಫೋಟೋ ಸ್ಟುಡಿಯೋ ನಡೆಸಿದ್ದ ಯುರೋವ್ಸ್ಕಿ ಆ ರಾತ್ರಿಯ ವಿವರಗಳನ್ನು ಲೆಕ್ಕಪತ್ರದಂತೆ ಒಪ್ಪಿಸುತ್ತಾನೆ. ಹುಡುಗಿಯರ ಒಳಉಡುಪಿನಲ್ಲಿ ಹೊಲಿದಿದ್ದ ವಜ್ರಗಳಿಂದ ಗುಂಡುಗಳು ಸಿಡಿದು ವಾಪಸಾದದ್ದೂ ಅದರಲ್ಲಿದೆ. ಇಡೀ ವರದಿಯಲ್ಲಿ 'ನಾನು' ಎಂಬ ಪದವಿಲ್ಲ. 'ಕಮಾಂಡೆಂಟ್' ಹೀಗೆ ಮಾಡಿದ, 'ಕಮಾಂಡೆಂಟ್' ಹಾಗೆ ಹೇಳಿದ ಎಂದು ತನ್ನನ್ನೇ ಮೂರನೆಯವನಂತೆ ಕಾಣಿಸುತ್ತಾನೆ. ಮಾಡಿದ ಕೆಲಸದಿಂದ ತನ್ನನ್ನು ಬಿಡಿಸಿಕೊಳ್ಳಲು ವ್ಯಾಕರಣದ ಮೊರೆ ಹೋಗುವ ಈ ರೀತಿ ರಷ್ಯಾದ ಸ್ವತ್ತಲ್ಲ. 'ಕ್ರಮ ಕೈಗೊಳ್ಳಲಾಯಿತು' ಎಂದು ಬರೆಯುವ ಎಲ್ಲ ದೇಶಗಳ ಎಲ್ಲ ಸರ್ಕಾರಗಳೂ ಇದನ್ನು ಬಲ್ಲವು.

ದೊರೆಯನ್ನು ಬಹಿರಂಗವಾಗಿ ವಿಚಾರಣೆ ಮಾಡಬೇಕೆಂದು ಟ್ರಾಟ್ಸ್ಕಿ ಮೊದಲು ಬಯಸಿದ್ದ. ಗಡಿಪಾರಾಗಿದ್ದಾಗ, 1935ರ ದಿನಚರಿಯಲ್ಲಿ, ನಡೆದದ್ದು ಅಗತ್ಯವೇ ಆಗಿತ್ತೆಂದು ಸಮರ್ಥಿಸಿಕೊಂಡ. ಫ್ರೆಂಚ್ ಕ್ರಾಂತಿಯೂ ರಕ್ತ ಹರಿಸಿತು. ಆದರೆ ಹದಿನಾರನೆಯ ಲೂಯಿಯ ಮೇಲಿನ ಆರೋಪಗಳನ್ನು ಅವನ ಎದುರಿಗೇ ಓದಿದರು, ವಕೀಲರನ್ನು ಕೊಟ್ಟರು, ಸಭೆಯಲ್ಲಿ ಮತ ಹಾಕಿದರು, 1793ರ ಜನವರಿ 21ರಂದು ಹಾಡಹಗಲೇ ಶಿರಚ್ಛೇದ ಮಾಡಿದರು. ಆ ವಿಚಾರಣೆಯಲ್ಲಿ ನೂರು ದೋಷಗಳಿರಬಹುದು. ಆದರೂ ಖೋದಿಂಕಾದ, ರಕ್ತದ ಭಾನುವಾರದ, ಉರ್ಕುನ್‌ನ ಸಾಕ್ಷಿಗಳು ನಿಕೊಲಾಸನ ಎದುರು ನಿಂತು ಮಾತಾಡುವ ಒಂದು ದಿನ ಚರಿತ್ರೆಗೆ ದಕ್ಕಬೇಕಿತ್ತು. ಆ ದಿನವನ್ನು ನೆಲಮಾಳಿಗೆ ನುಂಗಿತು. ಹೀಗಾಗಿ ಉತ್ತರ ಕೊಡಬೇಕಾದ ದೊರೆ ಉತ್ತರ ಕೊಡದೆಯೇ ಹುತಾತ್ಮನಾದ.

ಈ ಮೌನದಲ್ಲಿ ನಮ್ಮ ಸಾಹಿತ್ಯಗಳ ಪಾಲೂ ಇದೆ. ಉರ್ದುವಿನಲ್ಲಿ ಇಕ್ಬಾಲ್ 1935ರ 'ಬಾಲೆ ಜಿಬ್ರೀಲ್' ಸಂಕಲನದ ಕವಿತೆಯೊಂದರಲ್ಲಿ ಲೆನಿನ್‌ನನ್ನು ದೇವರ ಸನ್ನಿಧಿಯಲ್ಲಿ ನಿಲ್ಲಿಸಿ ದುಡಿಯುವವರ ಬವಣೆಯ ಬಗ್ಗೆ ಪ್ರಶ್ನೆ ಕೇಳಿಸಿದರು. ಕನ್ನಡದಲ್ಲಿ ನಮಗಿಂತ ಹಿಂದಿನ ಪೀಳಿಗೆ ಗೋರ್ಕಿಯನ್ನೂ ಮಾಸ್ಕೋದಿಂದ ಬಂದ ಅಗ್ಗದ ಪುಸ್ತಕಗಳನ್ನೂ ಎದೆಗೊತ್ತಿಕೊಂಡು ಓದಿತು. ಆ ಓದಿನಿಂದ ಬಡವನ ಪರ ನಿಲ್ಲುವ ಸಾಹಿತ್ಯ ನಮಗೆ ಸಿಕ್ಕಿತು, ಅದರ ಋಣ ದೊಡ್ಡದು. ಆದರೆ ಆ ಪುಸ್ತಕಗಳಲ್ಲಿ ಇಪಾತ್ಯೆವ್ ಮನೆಯ ಕೋಣೆ ಇರಲಿಲ್ಲ. ಅನ್ಯಾಯ ಮಾಡಿದವನ ಮಗುವಿನ ಬಗ್ಗೆ ಏನು ಹೇಳಬೇಕು ಎಂಬ ಪ್ರಶ್ನೆಯನ್ನು ನಾವು ಎದುರಿಸದೆ ಉಳಿದೆವು.

ಆ ಪ್ರಶ್ನೆಯನ್ನು ಎದುರಿಸಿದ ಚಿತ್ರವೊಂದು ಸೋವಿಯತ್ ಒಕ್ಕೂಟ ಕುಸಿಯುತ್ತಿದ್ದ 1991ರಲ್ಲಿ ಬಂತು. ಕರೇನ್ ಶಖ್ನಜಾರೋವ್ ನಿರ್ದೇಶಿಸಿದ 'ತ್ಸಾರೆಉಬೀತ್ಸಾ', ಅಂದರೆ 'ದೊರೆಗೊಲೆಗಾರ'. ಅದರಲ್ಲಿ ಮಾನಸಿಕ ಆಸ್ಪತ್ರೆಯ ರೋಗಿಯೊಬ್ಬ ತಾನೇ ಯುರೋವ್ಸ್ಕಿ ಎಂದು ನಂಬಿದ್ದಾನೆ. ಚಿಕಿತ್ಸೆ ಕೊಡಲು ಬಂದ ವೈದ್ಯ ಕ್ರಮೇಣ ದೊರೆಯ ಸ್ಥಾನಕ್ಕೆ ಜಾರುತ್ತಾನೆ. ಮಾಲ್ಕಮ್ ಮ್ಯಾಕ್‌ಡೊವೆಲ್ ರೋಗಿಯಾಗಿ, ಒಲೆಗ್ ಯಾಂಕೋವ್ಸ್ಕಿ ವೈದ್ಯನೂ ದೊರೆಯೂ ಆಗಿ ನಟಿಸಿದ್ದಾರೆ. ಚಿತ್ರ ಕೆಲವೆಡೆ ಜಟಿಲವಾಗುತ್ತದೆ. ಆದರೆ ಒಪ್ಪಿಕೊಳ್ಳದ ಕೊಲೆ ಇಡೀ ಸಮಾಜದ ಕಾಯಿಲೆಯಾಗುತ್ತದೆ ಎಂಬುದನ್ನು ಶಾಪ, ಪವಾಡಗಳಿಲ್ಲದೆ ಹೇಳಿದ ಚಿತ್ರ ಇದು. ಈ ವಿಷಯದ ಮೇಲೆ ನಾವು ನೋಡಿದವುಗಳಲ್ಲಿ ಮನಸ್ಸಿನಲ್ಲಿ ಉಳಿದದ್ದು ಇದೇ.

ಕಾಯಿಲೆಯ ಗುರುತುಗಳು ಚರಿತ್ರೆಯಲ್ಲೇ ಇವೆ. ಇಪಾತ್ಯೆವ್ ಮನೆಯನ್ನು 1977ರಲ್ಲಿ ಕೆಡವಲಾಯಿತು. ಆಗ ಆ ಪ್ರಾಂತ್ಯದ ಪಕ್ಷದ ಮುಖ್ಯಸ್ಥನಾಗಿದ್ದವನು ಬೋರಿಸ್ ಯೆಲ್ಟ್ಸಿನ್. 1991ರಲ್ಲಿ ಅಗೆದು ತೆಗೆದ ಒಂಬತ್ತು ಮಂದಿಯ ಮೂಳೆಗಳನ್ನು 1998ರ ಜುಲೈ 17ರಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮಣ್ಣು ಮಾಡುವಾಗ ತಲೆ ಬಾಗಿಸಿ ನಿಂತವನೂ ಅದೇ ಯೆಲ್ಟ್ಸಿನ್, ಅಧ್ಯಕ್ಷನಾಗಿ. ಉಳಿದ ಇಬ್ಬರು ಮಕ್ಕಳ ಮೂಳೆಯ ಚೂರುಗಳು 2007ರಲ್ಲಿ ಸಿಕ್ಕವು. ಅನಸ್ತಾಸ್ಯಾ ಬದುಕಿದ್ದಳೆಂಬ ಕಥೆ ಅಲ್ಲಿಗೆ ಮುಗಿಯಿತು.

ಮತ್ತೆ ಆ ನಾಲ್ವರ ವಿಚಾರಕ್ಕೆ ಬರೋಣ. ದೇಶಾಂತರದಲ್ಲಿದ್ದ ರಷ್ಯನ್ ಚರ್ಚ್ 1981ರಲ್ಲಿ ಸಂಸಾರದ ಜೊತೆಗೆ ಸೇವಕರನ್ನೂ ಸಂತರೆಂದು ಸಾರಿತು; ತ್ರುಪ್ ಕ್ಯಾಥೊಲಿಕನಾಗಿದ್ದರೂ ಅವನನ್ನು ಬಿಡಲಿಲ್ಲ. ಮಾಸ್ಕೋದ ಚರ್ಚ್ 2000ದಲ್ಲಿ ಸಂತಪದವಿ ಕೊಟ್ಟದ್ದು ದೊರೆಯ ಸಂಸಾರದ ಏಳು ಮಂದಿಗೆ. ವೈದ್ಯ ಬೊಟ್ಕಿನ್‌ನ ಸರದಿ 2016ರಲ್ಲಿ ಬಂತು. ಒಂದು ಧರ್ಮದ ಒಳಗಿನ ಲೆಕ್ಕಾಚಾರದಲ್ಲಿ ತಲೆ ಹಾಕುವುದು ನಮ್ಮ ಕೆಲಸವಲ್ಲ. ಆದರೆ ಒಂದೇ ಗೋಡೆಯ ಮುಂದೆ ಸತ್ತವರಲ್ಲಿ ಸಂತತ್ವಕ್ಕೂ ಸರದಿ ಸಾಲು ಇತ್ತೆಂಬುದು ಯೋಚಿಸಬೇಕಾದ ಸಂಗತಿ.

ಇದಕ್ಕೆ ಎದುರಾಗಿ ಕೊಲೆಗಾರರ ಲೆಕ್ಕಾಚಾರವನ್ನು ಇಡೋಣ. ಆ ಮನೆಯಲ್ಲಿ ಲಿಯೋನಿದ್ ಸೆದ್ನೆವ್ ಎಂಬ ಹದಿನಾಲ್ಕು ವರ್ಷದ ಅಡುಗೆಮನೆಯ ಹುಡುಗನೂ ಇದ್ದ. ಅಲೆಕ್ಸಿಯ ಆಟದ ಜೊತೆಗಾರ. ಕೊಲೆಗೆ ಮುಂಚೆ ಅವನನ್ನು ಅಲ್ಲಿಂದ ಹೊರಗೆ ಕಳಿಸಿಬಿಟ್ಟರು. ಹದಿನಾಲ್ಕರ ಹುಡುಗನನ್ನು ಬಿಟ್ಟರು, ಹದಿಮೂರರ ಹುಡುಗನನ್ನು ಕೊಂದರು. ಇಬ್ಬರ ನಡುವೆ ಇದ್ದ ವ್ಯತ್ಯಾಸ ಹುಟ್ಟಿನದು ಮಾತ್ರ. ರಾಜರಕ್ತ ಎಂಬುದು ಸುಳ್ಳು ಎಂದು ಸಾರಲು ಬಂದ ಕ್ರಾಂತಿ ಆ ರಾತ್ರಿ ರಾಜರಕ್ತವನ್ನು ಯಾರಿಗಿಂತಲೂ ಹೆಚ್ಚು ನಂಬಿತು. ನಂಬಿದ್ದರಿಂದಲೇ ಮಗುವನ್ನು ಕೊಂದಿತು. ರಾಜಕುಮಾರಿ ಬದುಕಿದ್ದಾಳೆ ಎಂದ ಸಿನಿಮಾ ನಂಬಿದ್ದೂ ಅದನ್ನೇ. ಸಾಮ್ರಾಜ್ಯವನ್ನು ಒಂದು ಸಂಸಾರದ ಕಷ್ಟವಾಗಿಸಿದ ಪುಸ್ತಕವೂ ಅದರಿಂದ ಪೂರ್ತಿ ಬಿಡಿಸಿಕೊಳ್ಳಲಿಲ್ಲ. ಪರಸ್ಪರ ಶತ್ರುಗಳಾದ ಈ ಕಥನಗಳೆಲ್ಲ ಒಂದು ವಿಷಯದಲ್ಲಿ ಒಂದಾಗಿವೆ. ಆ ಹುಡುಗನ ಬಾಯಲ್ಲೇ ಕಥೆ ಹೇಳಿಸುವ ಇಂಗ್ಲಿಷ್ ಕಾದಂಬರಿಯೊಂದು 2003ರಲ್ಲಿ ಬಂತು. ಅಲ್ಲೂ ಅವನು ರಾಜಸಂಸಾರವನ್ನು ನೋಡಲು ನಮಗೆ ಒದಗಿಸಿದ ಕಿಟಕಿ.

ಇಷ್ಟಾಗಿಯೂ ಈ ಎಲ್ಲ ಬರಹಗಳ ನಡುವೆ ಬೇರೆಯದೇ ದನಿಯ ಒಂದು ಪುಟವಿದೆ. ಅದು ಅಲೆಕ್ಸಾಂಡ್ರಾಳ ದಿನಚರಿಯ ಕೊನೆಯ ಪುಟ. ಲಿಯೋನಿದನನ್ನು ಅವನ ಚಿಕ್ಕಪ್ಪನ ಹತ್ತಿರ ಕಳಿಸುತ್ತಿದ್ದೇವೆ ಎಂದು ಕಾವಲಿನವರು ಹೇಳಿದ್ದರು. ಆ ಚಿಕ್ಕಪ್ಪನನ್ನು ಅಷ್ಟರಲ್ಲಾಗಲೇ ಕೊಂದಿದ್ದರು. ರಾಣಿಗೆ ಅದು ಗೊತ್ತಿರಲಿಲ್ಲ. ಇದು ನಿಜವೇ, ಈ ಹುಡುಗನನ್ನು ಮತ್ತೆ ಕಾಣುತ್ತೇವೆಯೇ ಎಂಬ ಅನುಮಾನವನ್ನು ಆಕೆ ಅಂದು ಬರೆದಿಟ್ಟಳು. ಜನರ ಮಕ್ಕಳ ಬಗ್ಗೆ ಅರಮನೆಯಿಂದ ಎಂದೂ ಕೇಳದ ಪ್ರಶ್ನೆಯನ್ನು ಅಡುಗೆಮನೆಯ ಹುಡುಗನೊಬ್ಬನ ಬಗ್ಗೆ, ತನ್ನ ಸಾವಿಗೆ ಕೆಲವೇ ಗಂಟೆಗಳ ಮೊದಲು, ಸೆರೆಮನೆಯಿಂದ ಕೇಳಿದಳು. ಅವಳ ಗಂಡನ ಆಳ್ವಿಕೆಯ ಪಾಪವನ್ನು ಇದು ತೊಳೆಯುವುದಿಲ್ಲ, ತೊಳೆಯಬೇಕಾಗಿಯೂ ಇಲ್ಲ. ಆದರೆ ಹನ್ನೊಂದು ಮಂದಿಯನ್ನು ಹನ್ನೊಂದು ಎಂದೇ ಎಣಿಸುವ, ಉರ್ಕುನ್‌ನ ಕಣಿವೆಯ ಮಕ್ಕಳನ್ನೂ ಆ ಎಣಿಕೆಯಿಂದ ಹೊರಗಿಡದ ಕಥೆಯನ್ನು ಯಾರಾದರೂ ಬರೆಯುವುದಾದರೆ, ಆ ಪುಟದಿಂದ ಶುರು ಮಾಡಬಹುದು.